ಅಡುಗೆಮನೆಯ ಅಸ್ತ್ರ ಒಲೆ: 11 ವರ್ಷಗಳ ಬಳಕೆಯ ನಂತರ

ಸಾಗರದ ಸಮೀಪದ ನಮ್ಮ ಹೆಂಚಿನ ಮನೆಯಲ್ಲಿ ಮೂರು ಪಾತ್ರೆಯ ಅಸ್ತ್ರ ಒಲೆಯನ್ನು ಕಟ್ಟಿಸಿ 11 ವರ್ಷಗಳಾದವು. ಗ್ಯಾಸ್ ಇದ್ದರೂ ಅನ್ನ, ಸಾರು, ದನಗಳ ಅಕ್ಕಚ್ಚು ಎಲ್ಲವೂ ಇಂದಿಗೂ ಇದರ ಮೇಲೆಯೇ ಆಗುತ್ತವೆ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ 1974ರಲ್ಲಿ ಪ್ರೊ. ಅಮೂಲ್ಯ ರೆಡ್ಡಿಯವರ ಮುಂದಾಳತ್ವದಲ್ಲಿ ಆರಂಭವಾದ ‘ಅಸ್ತ್ರ’ (ಗ್ರಾಮೀಣ ಪ್ರದೇಶಗಳಿಗೆ ವಿಜ್ಞಾನ-ತಂತ್ರಜ್ಞಾನದ ಅನ್ವಯ ಎಂಬುದರ ಇಂಗ್ಲಿಷ್ ಹ್ರಸ್ವರೂಪ) ಕೇಂದ್ರವು ರೂಪಿಸಿದ ಈ ಒಲೆಯಲ್ಲಿ ಸೌದೆ ಹಾಕುವ ಬಾಯಿಗೆ ಮುಚ್ಚಳವಿದ್ದು, ಗಾಳಿಯು ಕೆಳಗಿನ ಕಬ್ಬಿಣದ ಜಾಲರಿಯ ಮೂಲಕ ಬೆಂಕಿಗೆ ಸೇರುತ್ತದೆ. ಬಿಸಿ ಹೊಗೆಯು ಮೂರೂ ಪಾತ್ರೆಗಳ ತಳವನ್ನು ಸವರಿಕೊಂಡು ಕೊಳವೆಯಿಂದ ಮಾಡಿನಾಚೆ ಹೋಗುತ್ತದೆ. ಅಮ್ಮನ ಕಣ್ಣುರಿ, ಕೆಮ್ಮು ಕಡಿಮೆಯಾದದ್ದನ್ನು ನಾವು ಮೊದಲ ಮಳೆಗಾಲದಲ್ಲೇ ಕಂಡೆವು.

ಒಲೆಯ ಬಗ್ಗೆ ನನಗೆ ದೂರಿಲ್ಲ. ದೂರಿರುವುದು ಕೊಳವೆಯನ್ನು ಕೂರಿಸಿದ ರೀತಿಯ ಬಗ್ಗೆ. ಎರಡನೆಯ ವರ್ಷ ಮಳೆಗೆ ಮುಂಚೆ ಹೆಂಚು ಕೈಯಾಡಿಸಲು ಮಾಡು ಹತ್ತಿದವರು ನನ್ನನ್ನು ಮೇಲಕ್ಕೆ ಕರೆದರು. ಕೊಳವೆಗೆ ತಾಗಿಕೊಂಡಿದ್ದ ರೀಪು, ಅಂದರೆ ಹೆಂಚು ಕೂರುವ ಮರದ ಪಟ್ಟಿ, ಕಪ್ಪಾಗಿತ್ತು. ಉಗುರಿನಿಂದ ಕೆರೆದರೆ ಇದ್ದಿಲಿನಂತೆ ಪುಡಿ ಉದುರಿತು. ರೀಪುಗಳನ್ನು ಹೊರುವ ಓರೆ ಮರವಾದ ಪಕ್ಕದ ಪಕಾಸಿಯೂ ಅಂಗೈ ಅಗಲ ಕಂದಿತ್ತು. ವರ್ಷಗಟ್ಟಲೆ ಕಾವು ಕುಡಿದ ಮರವು ಹಸಿ ಮರಕ್ಕಿಂತ ಬಹಳ ಕಡಿಮೆ ಶಾಖಕ್ಕೇ ಹೊತ್ತಿಕೊಳ್ಳಬಲ್ಲದು ಎಂಬುದು ತಿಳಿದ ಮೇಲೆ ಆ ರಾತ್ರಿ ನಮಗೆ ನಿದ್ದೆ ಬರಲಿಲ್ಲ. ಒಲೆ ಕಟ್ಟಿದವರು ಹೆಂಚಿನಲ್ಲಿ ಕೊಳವೆಯಷ್ಟೇ ಅಗಲದ ತೂತು ಮಾಡಿ, ಸಂದಿಗೆ ಸಿಮೆಂಟ್ ಮೆತ್ತಿ ಹೋಗಿದ್ದರು.

ಮರುದಿನವೇ ಬಡಗಿಯನ್ನು ಕರೆಸಿ, ಆ ಪಕಾಸಿಯನ್ನು ಅಲ್ಲಿಗೇ ತುಂಡರಿಸಿ, ಅಡ್ಡ ತೊಲೆಗೆ ಕೂಡಿಸಿ, ಕೊಳವೆಯ ಸುತ್ತ ಒಂದೂವರೆ ಅಡಿಯೊಳಗೆ ಮರವೇ ಇಲ್ಲದಂತೆ ಮಾಡಿಸಿದೆವು. ಆ ಜಾಗಕ್ಕೆ ತಗಡು ಹೊದಿಸಿದ್ದೇವೆ. ಮೊದಲಿದ್ದ ಆಸ್ಬೆಸ್ಟಾಸ್ ಕೊಳವೆಯನ್ನು ಕೊಯ್ಯುವಾಗ ಏಳುವ ಧೂಳು ಶ್ವಾಸಕೋಶಕ್ಕೆ ಕೇಡು ಎಂಬ ಕಾರಣಕ್ಕೆ ಅದನ್ನು ಕೊಯ್ಯದೆ ಇಡಿಯಾಗಿ ಇಳಿಸಿ, ಸುಟ್ಟ ಮಣ್ಣಿನ ಕೊಳವೆ ಹಾಕಿಸಿದೆವು. ಅದರ ತುದಿಯನ್ನು ಮಾಡಿನಿಂದ ಮೂರು ಅಡಿ ಎತ್ತರಿಸಿ ಟೋಪಿ ಕೂರಿಸಿದ ಮೇಲೆ, ಆಷಾಢದ ಗಾಳಿಗೆ ಹೊಗೆ ಒಳಕ್ಕೆ ನುಗ್ಗುವುದೂ ನಿಂತಿತು.

ಮಸಿಯ ವಿಷಯದಲ್ಲಿ ಉದಾಸೀನ ಸಲ್ಲದು. ಹಸಿ ಸೌದೆ ಉರಿಸಿದರೆ ಕೊಳವೆಯೊಳಗೆ ಡಾಂಬರಿನಂಥ ಅಂಟು ಕೂರುತ್ತದೆ, ಅದಕ್ಕೇ ಕಿಡಿ ತಾಗಿದರೆ ಕೊಳವೆ ಒಳಗಿನಿಂದ ಉರಿಯುತ್ತದೆ. ತಿಂಗಳಿಗೊಮ್ಮೆ ತೆಂಗಿನ ನಾರಿನ ಗಂಟನ್ನು ಹಗ್ಗಕ್ಕೆ ಕಟ್ಟಿ ಮೇಲಿನಿಂದ ಇಳಿಸಿ ಎಳೆಯುತ್ತೇನೆ. ಬುಡದ ಕಿಂಡಿಯಿಂದ ಸೇರುಗಟ್ಟಲೆ ಮಸಿ ಬರುತ್ತದೆ. ಕಟ್ಟಿಸುವವರು ಈ ಕಿಂಡಿಯನ್ನು ಕೇಳಿಯೇ ಇಡಿಸಿಕೊಳ್ಳಬೇಕು.

ಸಣ್ಣ ಅನನುಕೂಲಗಳೂ ಇವೆ. ಒಲೆಯ ಕಣ್ಣಿನ, ಅಂದರೆ ಪಾತ್ರೆ ಕೂರಿಸುವ ಕುಳಿಯ, ಅಳತೆಗೆ ಕೂರುವ ಪಾತ್ರೆಗಳೇ ಬೇಕು, ಒಂದು ಕಣ್ಣು ಖಾಲಿ ಬಿಟ್ಟರೂ ಹೊಗೆ ಮನೆಗೆ ಬರುತ್ತದೆ. ಅಕ್ಕಿ ರೊಟ್ಟಿಯನ್ನು ಕೆಂಡದ ಮೇಲೆ ಉಬ್ಬಿಸಲು ಅಮ್ಮ ಈಗಲೂ ಹಳೆಯ ಒಲೆಯನ್ನೇ ಹೊತ್ತಿಸುತ್ತಾರೆ. ಜಾಲರಿಯನ್ನು ಎರಡು ಬಾರಿ ಬದಲಿಸಿದ್ದೇವೆ.

ಈ ಬೇಸಿಗೆಯಲ್ಲಿ ಬಚ್ಚಲೊಲೆಗೂ ಕೊಳವೆ ಹಾಕಿಸುತ್ತಿದ್ದೇವೆ. ಈ ಸಲ ಮೊದಲು ಮಾಡಿನ ಪಕಾಸಿಗಳನ್ನು ಅಳೆದು, ಅವುಗಳ ನಡುವಿನಿಂದ ತೂಗುಗುಂಡು ಇಳಿಬಿಟ್ಟು, ಅದು ನೆಲ ಮುಟ್ಟಿದಲ್ಲಿ ಒಲೆಗೆ ಗುರುತು ಹಾಕಿದ್ದೇವೆ.