ಓಡು, ಓಟ ಮತ್ತು ಬರೋ–ಎಮೆನೋ ನಿಘಂಟು

ಕನ್ನಡದ ಪದರಚನೆ ಕಲಿಯಬೇಕು ಅಂತ ಯಾರು ಕೇಳಿದರೂ ನಾನು ಮೊದಲು ತೋರಿಸುವುದು ಭಾಷಾವಿಜ್ಞಾನಿಗಳಾದ ಬರೋ ಮತ್ತು ಎಮೆನೋ ಅವರ ದ್ರಾವಿಡ ವ್ಯುತ್ಪತ್ತಿ ನಿಘಂಟನ್ನು, ಅಂದರೆ ದ್ರಾವಿಡ ಭಾಷೆಗಳ ಸಂಬಂಧಿ ಪದಗಳನ್ನು ಒಟ್ಟಿಗೆ ಕೊಡುವ ನಿಘಂಟನ್ನು. 1961ರಲ್ಲಿ ಬಂದು 1984ರಲ್ಲಿ ಪರಿಷ್ಕಾರಗೊಂಡ ಈ ದಪ್ಪ ಪುಸ್ತಕ ಈಗ ಶಿಕಾಗೋ ವಿಶ್ವವಿದ್ಯಾಲಯದ ಜಾಲತಾಣದಲ್ಲಿ ಎಲ್ಲರಿಗೂ ಉಚಿತ.

ರುಚಿ ಹತ್ತಬೇಕಾದರೆ ‘ಓಡು’ ಹುಡುಕಿ. ಅದೇ ನಮೂದಿನಲ್ಲಿ ‘ಓಟ’, ಜೊತೆಗೆ ತಮಿಳಿನ ‘ಓಟ್ಟಂ’. ‘ಆಡು’ ನೋಡಿದರೆ ‘ಆಟ’, ತಮಿಳಿನ ‘ಆಟ್ಟಂ’, ತೆಲುಗಿನ ‘ಆಟ’. ನೋಡು–ನೋಟ, ಕೂಡು–ಕೂಟ, ಕಾಡು–ಕಾಟ ಇವೂ ಇದೇ ಸಾಲಿನವು. ಕ್ರಿಯೆಯ ಡಕಾರ ಟಕಾರವಾಗಿ ನಾಮಪದ ಹುಟ್ಟುವ ಈ ಬಗೆ ಕನ್ನಡವೊಂದರದ್ದೇ ಅಲ್ಲ, ಈ ಭಾಷೆಗಳು ಬೇರೆಬೇರೆಯಾಗುವುದಕ್ಕೂ ಹಿಂದಿನದು ಎಂಬುದು ಇಲ್ಲಿ ಕಣ್ಣಿಗೇ ಕಾಣುತ್ತದೆ. ‘ಹಾಡು’ ಮಾತ್ರ ಬೇರೆ ಹಾದಿ ಹಿಡಿದಿದೆ. ತೆಲುಗಿನಲ್ಲಿ ಪಾಡು–ಪಾಟ, ತಮಿಳಿನಲ್ಲಿ ಪಾಡು–ಪಾಟ್ಟು. ನಮ್ಮಲ್ಲಿ ಕ್ರಿಯೆಯೂ ಹಾಡು, ನಾಮವೂ ಹಾಡು. ಹಳೆಯ ‘ಪಾಡು’ ಕೂಡ ಅಲ್ಲೇ ಇರುವುದರಿಂದ ಪಕಾರ ಹಕಾರವಾದದ್ದನ್ನೂ ತೋರಿಸಬಹುದು. ಈ ಒಂದು ನಮೂದಿನ ಮೇಲೆ ನಾನು ಇಡೀ ತರಗತಿ ನಡೆಸುತ್ತೇನೆ.

ತೊಡಕುಗಳಿವೆ. ಎಲ್ಲವೂ ರೋಮನ್ ಲಿಪಿಯಲ್ಲಿ, ದೀರ್ಘಕ್ಕೆ ಮೇಲೆ ಗೆರೆ, ಟ ಡ ಣಗಳಿಗೆ ಕೆಳಗೆ ಚುಕ್ಕಿ. ತಮಿಳಿನ ‘ಆಡು’ ತಮಿಳು ಲಿಪಿಯ ಬರವಣಿಗೆಯಂತೆ ಟಕಾರದಲ್ಲೇ ಇರುತ್ತದೆ. ಹೊಸಬರು ಇಲ್ಲಿ ಗೊಂದಲಪಡುತ್ತಾರೆ. ಅರ್ಥ ಇಂಗ್ಲಿಷಿನಲ್ಲಿ. ಸಂಸ್ಕೃತದಿಂದ ಬಂದ ಪದಗಳಿಗೆ ಇಲ್ಲಿ ಜಾಗವಿಲ್ಲ. ಧಾತು ಯಾವುದು, ಪ್ರತ್ಯಯ ಯಾವುದು ಎಂದು ಬಿಡಿಸಿಯೂ ಹೇಳುವುದಿಲ್ಲ, ಆ ಕೆಲಸ ಓದುವವರದು. ಯಾವ ರೂಪ ಎಲ್ಲಿ ಬಳಕೆಯಾಗಿದೆ ಎಂದು ತಿಳಿಯಲು ಕನ್ನಡ ಸಾಹಿತ್ಯ ಪರಿಷತ್ತಿನ 8 ಸಂಪುಟಗಳ ನಿಘಂಟನ್ನು ಪಕ್ಕದಲ್ಲಿಟ್ಟುಕೊಳ್ಳಲೇಬೇಕು. ಕಾವ್ಯ, ಶಾಸನಗಳ ಪ್ರಯೋಗಗಳು ಅಲ್ಲಿವೆ.

ಇವತ್ತಿನ ಬಳಕೆಗೆ ಇವೆರಡೂ ಸಾಲವು. ಡಕಾರ ಟಕಾರವಾಗುವ ನಿಯಮ ಈಗ ಹೊಸ ಪದ ಕಟ್ಟುತ್ತಿಲ್ಲ. ‘ನೀಡು’ ಎಂಬುದಕ್ಕೆ ‘ನೀಡಿಕೆ’ ಅನ್ನುತ್ತೇವೆ, ‘ನೀಟ’ ಅನ್ನುವುದಿಲ್ಲ. ಕ್ರಿಯಾಪದ ಕಟ್ಟುವ ‘ಇಸು’ ಪ್ರತ್ಯಯ ಮಾತ್ರ ಬಹಳ ಚುರುಕು: ಪತ್ರಿಕೆಗಳಲ್ಲಿ ಫೋಟೋ ‘ಕ್ಲಿಕ್ಕಿಸಿದರು’ ಎಂದು ಬಂತು, ಬೇಕಾದರೆ ‘ಕ್ಲಿಕ್ಕಿಸುವಿಕೆ’ ಎಂದೂ ಸಲೀಸಾಗಿ ಹೇಳಬಹುದು. ಯಾವ ಪ್ರತ್ಯಯಕ್ಕೆ ಇನ್ನೂ ಜೀವ ಇದೆ ಎಂದು ತಿಳಿಯಲು ಜನರ ಮಾತು, ಪತ್ರಿಕೆ, ಮೊಬೈಲ್ ಸಂದೇಶ ಇವನ್ನೇ ಗಮನಿಸಬೇಕು.

ಆದರೂ ಶಾಲೆಯಲ್ಲಿ ಕೃದಂತದ (ಧಾತುವಿಗೆ ಪ್ರತ್ಯಯ ಸೇರಿ ಆಗುವ ಪದಗಳ) ಪಾಠ ಮಾಡುವ ಪ್ರತಿಯೊಬ್ಬರೂ ಪಟ್ಟಿ ಬಾಯಿಪಾಠ ಮಾಡಿಸುವ ಮೊದಲು ಒಂದು ಸಂಜೆ ಈ ನಿಘಂಟಿನಲ್ಲಿ ಕಳೆಯಲಿ. ತಮಿಳೋ ತೆಲುಗೋ ತುಳುವೋ ಮನೆಮಾತಾಗಿರುವ ಮಕ್ಕಳು ತರಗತಿಯಲ್ಲಿದ್ದರಂತೂ ಅವರ ಬಾಯಿಂದಲೇ ಉದಾಹರಣೆಗಳು ಬರುತ್ತವೆ.