ಒಂದೇ ಬಟ್ಟೆಯಲ್ಲಿ ಎಲ್ಲ ಹಸುಗಳ ಕೆಚ್ಚಲು ಒರೆಸಬೇಡಿ

ನಮ್ಮದು ಕೋಲಾರ ಜಿಲ್ಲೆ, ಮುಳಬಾಗಿಲು ಕಡೆಯ ಹಳ್ಳಿ. ಡೈರಿಗೆ ಹಾಕುವ ಹಾಲಿನಿಂದಲೇ ಸಂಸಾರ ನಡೆಯಬೇಕು. ಮೂರು ಸೀಮೆಹಸುಗಳಿದ್ದವು. ಕೆಚ್ಚಲು ಬಾವಿನಿಂದ ಗೌರಿಯ ಒಂದು ಮೊಲೆ ಬತ್ತಿಹೋಯಿತು, ಇನ್ನೊಂದು ಹಸುವನ್ನು ಸಿಕ್ಕಷ್ಟು ಬೆಲೆಗೆ ಕೊಟ್ಟುಬಿಟ್ಟೆವು. ನನ್ನ ತಪ್ಪು ನೀವು ಮಾಡಬೇಡಿ.

ಗೌರಿ ಕರು ಹಾಕಿ ತಿಂಗಳಾಗಿರಲಿಲ್ಲ. ಒಂದು ಬೆಳಿಗ್ಗೆ ಹಿಂದಿನ ಎಡಮೊಲೆಯಿಂದ ಅಕ್ಕಿನುಚ್ಚಿನಂಥ ಬಿಳಿ ಚೂರು ಬಂತು. ಕರು ಗುದ್ದಿರಬೇಕು ಎಂದು ಅರಿಶಿನ ಹಚ್ಚಿ ಸುಮ್ಮನಾದೆ. ಮೂರನೇ ದಿನಕ್ಕೆ ಆ ಭಾಗ ಕಲ್ಲಿನಂತೆ ಗಟ್ಟಿ, ಮುಟ್ಟಿದರೆ ಬಿಸಿ. ಒದ್ದಿತೆಂದು ಬೈದೆ. ಪಾಪ, ಅದಕ್ಕೆ ನೋವಾಗುತ್ತಿತ್ತು. ಅಂಗಡಿಯಿಂದ ಮೊಲೆಗೆ ಏರಿಸುವ ಟ್ಯೂಬ್ ತಂದು ನಾವೇ ಏರಿಸಿದೆವು. ಎರಡು ಟ್ಯೂಬಿಗೆ ಚೂರು ನಿಂತಿತು, ಔಷಧಿಯನ್ನೂ ನಿಲ್ಲಿಸಿದೆವು. ಅದೇ ವಾರ ಪಕ್ಕದ ಹಸುವಿಗೂ ಬಾವು ಬಂತು.

ಕೊನೆಗೆ ಡಾಕ್ಟರನ್ನು ಕರೆಸಿದೆವು. ಅವರು ಹಸು ಮುಟ್ಟುವ ಮೊದಲೇ ಗೂಟದಲ್ಲಿ ನೇತಾಡುತ್ತಿದ್ದ ಒದ್ದೆ ಬಟ್ಟೆ ನೋಡಿದರು. ‘ಏನಮ್ಮಾ, ಮೂರಕ್ಕೂ ಇದರಲ್ಲೇ ಒರೆಸ್ತೀರಾ?’ ಹೌದೆಂದೆ. ಎದೆ ಧಸಕ್ಕೆಂದಿತು.

ಸ್ಟೆಫೈಲೊಕಾಕಸ್ ಎಂಬ ಬ್ಯಾಕ್ಟೀರಿಯಾ ಕರೆಯುವ ಕೈ, ಬಟ್ಟೆ, ಯಂತ್ರದ ರಬ್ಬರಿನಿಂದಲೇ ಹಸುವಿನಿಂದ ಹಸುವಿಗೆ ದಾಟುತ್ತದಂತೆ. ಕೆಚ್ಚಲಿನ ಒಳಗೆ ಸಣ್ಣ ಕೀವುಗಂಟು ಕಟ್ಟಿಕೊಂಡು ಕೂತರೆ ಔಷಧಿ ಅಲ್ಲಿಗೆ ಸರಿಯಾಗಿ ತಲುಪುವುದಿಲ್ಲ. ನಾವು ಅರ್ಧಕ್ಕೆ ಬಿಟ್ಟಿದ್ದು ಅದಕ್ಕೆ ಇನ್ನಷ್ಟು ಅನುಕೂಲವಾಯಿತು. ಇ. ಕೋಲಿ ಎಂಬ ಇನ್ನೊಂದು ಬ್ಯಾಕ್ಟೀರಿಯಾದ ದಾರಿ ಬೇರೆ, ಅದು ಸಗಣಿಯಲ್ಲೇ ಇರುತ್ತದೆ. ಕರೆದ ಮೇಲೆ ಮೊಲೆಯ ತೂತು ಪೂರ್ತಿ ಮುಚ್ಚಲು ಅರ್ಧ ಗಂಟೆಗೂ ಹೆಚ್ಚು ಹಿಡಿಯುತ್ತದೆ. ಅಷ್ಟರಲ್ಲಿ ಹಸು ಕೊಚ್ಚೆಯಲ್ಲಿ ಮಲಗಿದರೆ ಅದು ಒಳಗೆ ಸೇರಿಕೊಳ್ಳುತ್ತದೆ. ನಾನು ಮೇವೆಲ್ಲ ತಿನ್ನಿಸಿ ಆಮೇಲೆ ಕರೆಯುತ್ತಿದ್ದೆ, ಹೊಟ್ಟೆ ತುಂಬಿದ ಹಸು ಕೂಡಲೇ ಮಲಗುತ್ತಿತ್ತು. ಈಗ ಕರೆದ ಮೇಲೇ ಹಸಿಹುಲ್ಲು ಹಾಕುತ್ತೇನೆ, ನಿಂತುಕೊಂಡೇ ಮೇಯುತ್ತವೆ.

ಒಂದೊಂದಕ್ಕೂ ಬೇರೆ ಒಣ ಬಟ್ಟೆ ಇಡಿ. ಬಾವು ಬಂದ ಹಸುವನ್ನು ಕೊನೆಗೆ ಕರೆಯಿರಿ. ಕರೆದಾದ ಮೇಲೆ ಡಾಕ್ಟರು ಹೇಳಿದ ಅಯೋಡಿನ್ ದ್ರಾವಣದಲ್ಲಿ ಮೊಲೆಗಳನ್ನು ಅದ್ದಿ. ಕೆಟ್ಟ ಹಾಲನ್ನು ಕೊಟ್ಟಿಗೆಯ ನೆಲಕ್ಕೆ ಹಿಂಡಬೇಡಿ. ಟ್ಯೂಬ್ ಹಾಕಿದ ಹಸುವಿನ ಹಾಲನ್ನು ಡಾಕ್ಟರು ಹೇಳುವ ತನಕ ಡೈರಿಗೂ ಹಾಕಬೇಡಿ, ಮನೆಯಲ್ಲೂ ಕುಡಿಯಬೇಡಿ.

ಚೂರೂ ಇಲ್ಲದೆ, ಊತವೂ ಇಲ್ಲದೆ ಬರುವ ಬಾವೂ ಇದೆ, ಹಾಲು ಮಾತ್ರ ದಿನದಿನಕ್ಕೆ ಇಳಿಯುತ್ತದೆ. ಅದನ್ನು ಪತ್ತೆಹಚ್ಚಲು ನಾಲ್ಕು ಗುಳಿಯ ತಟ್ಟೆಗೆ ಒಂದೊಂದು ಮೊಲೆಯ ಹಾಲು ಹಿಂಡಿ, ಪರೀಕ್ಷೆಯ ದ್ರಾವಣ ಬೆರೆಸಿ ಅಲ್ಲಾಡಿಸುತ್ತಾರೆ. ಸೋಂಕಿದ್ದರೆ ಹಾಲು ಲೋಳೆಯಂತಾಗುತ್ತದೆ. ನಮ್ಮ ಮೂರನೇ ಹಸುವಿಗೂ ಹಾಗೆ ನೋಡಿಸಿದೆವು, ಒಂದು ಗುಳಿಯಲ್ಲಿ ಲೋಳೆ ಕಟ್ಟಿತು. ಹೊರಗಿನಿಂದ ಅದರ ಕೆಚ್ಚಲು ಹತ್ತಿಯಂತೆ ಮೆತ್ತಗೇ ಇತ್ತು.