ಹಳೆಯ ಮನೆತನದ ಅಂಗಡಿಯೋ, ಸೂಪರ್ ಮಾರ್ಕೆಟ್ಟೋ?

ಪಟ್ಟಿ ಉದ್ದ ಇದೆ, ಸಮಯ ಕಡಿಮೆ ಅಂದ್ರೆ ಸೂಪರ್ ಮಾರ್ಕೆಟ್ಟಿಗೇ ಹೋಗಿ. ಬೆಲೆ ಕಣ್ಣೆದುರೇ ಇರುತ್ತದೆ, ಬಾರ್‌ಕೋಡ್ ಇರುವುದರಿಂದ ಬಿಲ್ ಬೇಗ ಆಗುತ್ತದೆ. ಅದರಲ್ಲಿ ಎರಡು ಮಾತಿಲ್ಲ.

ಆದರೆ ಬೇಕಾದ ವಸ್ತುವಿನ ಹೆಸರೇ ಗೊತ್ತಿಲ್ಲದಿದ್ದರೆ? ಆಗ ತಲೆಮಾರುಗಳಿಂದ ಒಂದೇ ಮನೆಯವರು ನಡೆಸುತ್ತಿರುವ ಅಂಗಡಿಯೇ ಸರಿ. ಮುರಿದ ತುಂಡನ್ನು ಕೌಂಟರ್ ಮೇಲೆ ಇಟ್ಟರೆ ಸಾಕು. ಯಜಮಾನರು ಅದನ್ನು ಬೆರಳಲ್ಲಿ ತಿರುಗಿಸಿ ನೋಡುತ್ತಾರೆ. ಏಣಿ ಹತ್ತಿ, ದೂಳು ಹಿಡಿದ ತಗಡಿನ ಡಬ್ಬಿ ಇಳಿಸುತ್ತಾರೆ. ಎಷ್ಟೋ ಸಲ ಅದರ ಜೋಡಿ ಅಲ್ಲೇ ಸಿಗುತ್ತದೆ! ಸ್ಕ್ರೂ, ದಾರ, ಲಾಟೀನಿನ ಬತ್ತಿ, ಮಕ್ಕಳ ಆಟಿಕೆ ಎಲ್ಲ ಅಕ್ಕಪಕ್ಕ. ನಮಗೆ ಗೊಂದಲ ಅನ್ನಿಸುತ್ತದೆ. ಅವರು ಕಣ್ಣು ಮುಚ್ಚಿಕೊಂಡು ತೆಗೆದುಕೊಡುತ್ತಾರೆ. ಒಂದೇ ಒಂದು ಗುಂಡಿ ಬೇಕಾದರೆ ಒಂದನ್ನೇ ಕೊಡುತ್ತಾರೆ, ಪ್ಯಾಕೆಟ್ ಪೂರ್ತಿ ಕೊಳ್ಳಬೇಕಿಲ್ಲ. ನನಗೆ ಇದು ತುಂಬಾ ದೊಡ್ಡ ಅನುಕೂಲ.

ಹೀಗೆ ಕೇಳಿ ತೆಗೆಸಿಕೊಳ್ಳುವುದೇ ಹಳೆಯ ಪದ್ಧತಿ, ಅಲ್ವಾ? ಗ್ರಾಹಕರೇ ಸಾಮಾನು ಎತ್ತಿಕೊಳ್ಳುವ ಕ್ರಮಕ್ಕೆ ಹೆಸರು ಬಂದದ್ದು 1916ರಲ್ಲಿ ಅಮೆರಿಕದ ಮೆಂಫಿಸ್‌ನಲ್ಲಿ ಪಿಗ್ಲಿ ವಿಗ್ಲಿ ಅಂಗಡಿ ಶುರುವಾದ ಮೇಲೆ.

ಹಳೆಯ ಅಂಗಡಿಯಲ್ಲಿ ಕಾಯುವುದು ಜಾಸ್ತಿ. ನಿಧಾನವಾಗಿ ಖರ್ಚಾಗುವ ಸರಕೂ ಇರುತ್ತದೆ, ಹಾಗಾಗಿ ಪ್ಯಾಕೆಟ್ ಮೇಲಿನ ದಿನಾಂಕ ನೋಡಿ. ವಾಪಸ್ ತಗೋತಾರಾ ಅಂತ ಮೊದಲೇ ಕೇಳಿ. ಸುಮ್ನೆ ನೋಡೋಕೆ ಹೋದರೂ ಜನ ಕಡಿಮೆ ಇರುವ ಹೊತ್ತಿಗೆ ಹೋಗಿ, ಆಗ ಅವರಿಗೂ ಮಾತಾಡಲು ಪುರುಸೊತ್ತು ಇರುತ್ತದೆ.